ಓಡದ ಕುದುರೆಯ ಧಾರಾವಾಹಿ

ಆ ಧಾರಾವಾಹಿಯಲ್ಲಿ ಕುದುರೆ ಓಡುವುದೇ ಇಲ್ಲ. ನಾಯಕ ಅದರ ಮೇಲೆ ಕೂತು ಲಗಾಮು ಜಗ್ಗುತ್ತಾನೆ, ಅವನ ಉದ್ದನೆಯ ಕೂದಲು ಹಾರುತ್ತದೆ, ಹಿಂದೆ ಧೂಳು ಏಳುತ್ತದೆ, ನಗಾರಿ ಬಡಿಯುತ್ತದೆ. ಕುದುರೆಯ ಕಾಲುಗಳನ್ನು ಮಾತ್ರ ತೋರಿಸುವುದಿಲ್ಲ. ಯಾರೋ ಪುಣ್ಯಾತ್ಮ ಪಕ್ಕದಲ್ಲಿ ಫ್ಯಾನು ಹಿಡಿದು ನಿಂತಿರಬೇಕು, ಇನ್ನೊಬ್ಬ ಬುಟ್ಟಿಯಲ್ಲಿ ಮಣ್ಣು ತಂದು ತೂರುತ್ತಿರಬೇಕು. ಕುದುರೆ ಪಾಪ, ಹುಲ್ಲಿನ ಯೋಚನೆಯಲ್ಲಿ ನಿಂತಿರುತ್ತದೆ. ಅದರ ಮುಖ ನೋಡಿದರೆ ಗೊತ್ತಾಗುತ್ತದೆ. ಇಡೀ ಧಾರಾವಾಹಿಯಲ್ಲಿ ಸುಳ್ಳು ನಟನೆ ಮಾಡದ ಪ್ರಾಣಿ ಅದೊಂದೇ.

ಶುರುವಾಗುವ ಮೊದಲು ಒಂದು ತಿಂಗಳು ಜಾಹೀರಾತು ತೋರಿಸಿ ತೋರಿಸಿ ನಮ್ಮ ತಲೆ ತಿಂದಿದ್ದರು. ನಮ್ಮ ತಂದೆಯ ಕಾಲದ ಜನ ಮೆಚ್ಚಿದ್ದ, ನಾವು ಹುಡುಗರಾಗಿದ್ದಾಗ ಹುಚ್ಚರ ಹಾಗೆ ನೋಡಿದ್ದ ಕತ್ತಿ ಕಾಳಗದ ಸಿನಿಮಾ ಈಗ ಧಾರಾವಾಹಿಯಾಗಿ, ಹೊಸ ವೈಭವದಿಂದ, ಮನೆಮನೆಗೆ ಬರುತ್ತದಂತೆ. ಬರಲಿ ಎಂದು ನಾನೂ ಕಾದೆ. ಬನಹಟ್ಟಿಯ ನಮ್ಮ ಓಣಿಯಲ್ಲಿ ಮನೆ ಎಂದರೆ ಅರ್ಧ ಮನೆ, ಅರ್ಧ ಪವರ್‌ಲೂಮ್. ಮಗ್ಗ ನಡೆಯುವಾಗ ಪಕ್ಕದಲ್ಲಿ ನಿಂತವರು ಕೂಗಿದರೂ ಕೇಳುವುದಿಲ್ಲ. ನಾನು ರಾತ್ರಿ ಊಟದ ಹೊತ್ತಿಗೆ ಮಗ್ಗ ನಿಲ್ಲಿಸಿ, ತಾಟು ಮುಂದಿಟ್ಟುಕೊಂಡು ಟಿವಿ ಹಚ್ಚುವವನು. ಮೊದಲ ದಿನ ರೊಟ್ಟಿ ಮುರಿದು ಕೈಯಲ್ಲಿ ಹಿಡಿದವನು ಹಾಗೇ ಕೂತೆ. ಅರ್ಧ ತಾಸಿನಲ್ಲಿ ನಡೆದದ್ದು ಇಷ್ಟು: ಒಬ್ಬ ರಾಣಿ ಬಾಗಿಲು ತೆರೆದು ನೋಡಿದಳು. ಅವಳು ನೋಡಿದ್ದನ್ನು ಮೂರು ಕಡೆಯಿಂದ ತೋರಿಸಿದರು. ಪ್ರತಿ ಸಲ ಗುಡುಗಿತು. ಆಮೇಲೆ ‘ಮುಂದುವರಿಯುವುದು’ ಎಂದು ಬಂತು.

ಮುಂದಿನ ವಾರಗಳಲ್ಲಿ ಇನ್ನೂ ಚಂದ. ಕೋಟೆಯ ಬಾಗಿಲಿಗೆ ಸೈನಿಕನೊಬ್ಬ ಆತುಕೊಂಡರೆ ಇಡೀ ಕೋಟೆ ಅಲುಗಾಡಿತು. ಥರ್ಮಾಕೋಲಿನ ಕೋಟೆ ಅದು, ಗಣಪತಿ ಕೂರಿಸುವ ಹುಡುಗರು ಅದಕ್ಕಿಂತ ಗಟ್ಟಿಯಾಗಿ ಕಟ್ಟುತ್ತಾರೆ. ನಾಯಕ ತುಂಬಿದ ಹೊಳೆ ದಾಟುವ ಸನ್ನಿವೇಶ ಬಂತು. ನಾವು ಹಿಪ್ಪರಗಿ ಅಣೆಕಟ್ಟಿನ ಗೇಟು ಎತ್ತಿದಾಗ ಕೃಷ್ಣೆ ಹೇಗೆ ಹೋಗುತ್ತಾಳೆಂದು ದಂಡೆಯ ಮೇಲೆ ನಿಂತು ನೋಡಿದ ಜನ. ಇವನು ಮೊಣಕಾಲುದ್ದದ ನೀರಿನಲ್ಲಿ ನಿಂತು, ಎರಡೂ ಕೈಯಿಂದ ತಾನೇ ನೀರು ಚಿಮ್ಮಿಸಿಕೊಂಡು, ಮುಳುಗುತ್ತಿದ್ದೇನೆ ಎಂದು ಒದರಿದ. ರಾಜ ಬೇಟೆಗೆ ಹೊರಟ. ಅವನ ಹಿಂದೆ ಬೇಟೆ ನಾಯಿ ಎಂದು ಒಂದು ಬಿಳಿ ಉಣ್ಣೆಯ ಉಂಡೆ ಕುಣಿಯುತ್ತಾ ಬಂತು. ಆ ನಾಯಿಯನ್ನು ಮುಧೋಳದ ಕಡೆ ಒಂದು ಹೊಲದಲ್ಲಿ ಬಿಟ್ಟರೆ ಮೊಲವೇ ಅದನ್ನು ಅಟ್ಟಿಸಿಕೊಂಡು ಹೋದೀತು.

ಇದೆಲ್ಲ ಇಷ್ಟು ಸಿಟ್ಟು ತರಲು ಕಾರಣವಿದೆ. ಮೂಲ ಸಿನಿಮಾ ನಾನು ನೋಡಿದ್ದು ಜಮಖಂಡಿಯ ಥೇಟರಿನಲ್ಲಿ, ನನ್ನ ಅಣ್ಣನ ಜೊತೆ. ಅಣ್ಣ ಸೈಕಲ್ ತುಳಿದ, ನಾನು ಹಿಂದಿನ ಕ್ಯಾರಿಯರ್ ಮೇಲೆ ಕೂತಿದ್ದೆ. ಅಲ್ಲಿಂದ ಬಂದ ಮೇಲೆ ಮತ್ತೆ ಹೋದೆವು, ಮತ್ತೆ ಹೋದೆವು. ಕಥೆ ದೊಡ್ಡದೇನಲ್ಲ. ಸೇನಾಪತಿ ಒಬ್ಬ ಸರದಾರನನ್ನು ಮೋಸದಿಂದ ಕೊಲ್ಲುತ್ತಾನೆ. ಸರದಾರನ ಮಗ ಬೆಳೆದು, ಮುಖಕ್ಕೆ ವಸ್ತ್ರ ಕಟ್ಟಿಕೊಂಡು, ಕೋಟೆಯೊಳಗೆ ನುಗ್ಗಿ ಅವನನ್ನು ಹಿಡಿಯುತ್ತಾನೆ. ಕೊನೆಯ ಕಾಳಗ ಕೋಟೆಯ ಮೆಟ್ಟಿಲುಗಳ ಮೇಲೆ. ಅಲ್ಲಿ ಸಂಗೀತವೇ ಇರಲಿಲ್ಲ. ಕತ್ತಿಯ ಸಪ್ಪಳ, ಕಾಲಿನ ಸಪ್ಪಳ, ಇಬ್ಬರ ಉಸಿರು, ಅಷ್ಟೇ. ನಡುವೆ ಸೇನಾಪತಿ ಒಂದೇ ಮಾತು ಹೇಳುತ್ತಿದ್ದ: ‘ನಿನ್ನ ಅಪ್ಪನೂ ಇದೇ ಮೆಟ್ಟಿಲ ಮೇಲೆ ಬಿದ್ದ.’ ನಾಯಕನದೂ ಒಂದೇ ಮಾತು: ‘ಬಿದ್ದ, ಆದರೆ ಇಳಿಯುತ್ತ ಬೀಳಲಿಲ್ಲ, ಹತ್ತುತ್ತ ಬಿದ್ದ.’ ಇದನ್ನು ಕೇಳಿದಾಗ ಥೇಟರಿನಲ್ಲಿ ಸೀಟಿ ಹೊಡೆಯುವವರೂ ಸುಮ್ಮನಾಗುತ್ತಿದ್ದರು.

ಆಗ ನಮ್ಮ ಮನೆಯಲ್ಲಿ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಅಣ್ಣ ಸೀರೆ ನೇಯುತ್ತಿದ್ದ. ನನ್ನನ್ನು ಅಪ್ಪ ಆರನೆಯ ಇಯತ್ತೆಗೆ ಸಾಲಿ ಬಿಡಿಸಿ ನೂಲು ಸುತ್ತಲು ಕೂರಿಸಿದ್ದ. ಅದಕ್ಕೆ ನನಗೆ ಆಗಲೂ ನಾಚಿಕೆಯಿರಲಿಲ್ಲ, ಈಗಲೂ ಇಲ್ಲ. ಕೈಮಗ್ಗದ ಸಪ್ಪಳದಲ್ಲಿ ಮಾತಾಡಬಹುದು, ಅದರ ತಾಳಕ್ಕೆ ಮಾತು ಕೂರುತ್ತದೆ ಕೂಡ. ಅಣ್ಣ ಲಾಳಿ ಎಸೆಯುತ್ತಾ ಇಡೀ ಸಿನಿಮಾ ಮೊದಲಿನಿಂದ ಕೊನೆಯವರೆಗೆ ಹೇಳುತ್ತಿದ್ದ. ಅವನೇ ನಾಯಕ, ನಾನು ಸೇನಾಪತಿ. ಪ್ರತಿ ಸಲವೂ ನಾನೇ ಸಾಯಬೇಕು. ಯಾವುದು ಚಲೋ, ಯಾವುದು ಹೊಲಸು ಎಂದು ನನಗೆ ಕಲಿಸಿದವನು ಅವನು. ಸೀರೆಯಲ್ಲೂ ಅಷ್ಟೇ, ಸಿನಿಮಾದಲ್ಲೂ ಅಷ್ಟೇ. ಒಂದು ಎಳೆ ತಪ್ಪಿದರೂ ಬಿಚ್ಚಿಸುತ್ತಿದ್ದ.

ಅಪ್ಪ ಹೋದ ಮೇಲೆ ನಾನು ಪವರ್‌ಲೂಮ್ ತಂದೆ. ಅಣ್ಣನಿಗೆ ಅದು ಸೇರಲಿಲ್ಲ. ಒಂದು ದಿನ ಸೀರೆ ಒಯ್ಯಲು ಬಂದ ವ್ಯಾಪಾರಿಯ ಮುಂದೆ, ಓಣಿಯ ನಾಲ್ಕು ಮಂದಿಯ ಮುಂದೆ ಹೇಳಿದ, ‘ನನ್ನ ತಮ್ಮ ನೇಕಾರ ಅಲ್ಲರಿ, ಮಷೀನ್ ಕಾಯೋ ವಾಚಮನ್.’ ಎಲ್ಲರೂ ನಕ್ಕರು. ನಾನು ಬೆಳಗಿನ ನಸುಕಿನಿಂದ ನಿಂತ ಕಾಲಲ್ಲಿ ನಿಂತು ದುಡಿದು ಆ ಮಗ್ಗ ತಂದವನು. ಆ ನಗು ನನ್ನ ಕಿವಿಯಲ್ಲಿ ಉಳಿಯಿತು. ಆ ವರ್ಷವೇ ಮನೆಯ ನಡುವೆ ಗೋಡೆ ಎದ್ದಿತು. ಮುಂದೆ ಅಣ್ಣನೂ ಕುಣಿ ಮುಚ್ಚಿಸಿ ಪವರ್‌ಲೂಮ್ ಹಾಕಿದ. ಹಾಕಿದ ದಿನ ಗೋಡೆಯಾಚೆಯಿಂದ ಆ ಸದ್ದು ಕೇಳಿ ನಾನು ಒಬ್ಬನೇ ನಕ್ಕೆ. ಆದರೆ ಅವನು ಆ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ನಾನು ಅವನ ಹೊಸ್ತಿಲು ತುಳಿಯಲಿಲ್ಲ, ಅವನು ನನ್ನದನ್ನು ತುಳಿಯಲಿಲ್ಲ. ಹೆಂಗಸರು ಮಾತ್ರ ನಳದ ಹತ್ತಿರ ಮಾತಾಡುತ್ತಿದ್ದರು. ನಮ್ಮಿಬ್ಬರ ಸುದ್ದಿ ಅಲ್ಲಿಂದ ಅಲ್ಲಿಗೆ ಕೊಡದಲ್ಲಿ ತುಂಬಿ ಹೋಗಿ ಬರುತ್ತಿತ್ತು.

ಧಾರಾವಾಹಿ ನಡೆಯುತ್ತಿದ್ದಾಗಲೇ ನನ್ನ ಮಗಳ ಮದುವೆ ಗೊತ್ತಾಯಿತು. ಗಂಡಿನವರು ಮುಧೋಳದ ಕಡೆಯವರು, ಒಳ್ಳೆಯ ಜನ. ಎಲ್ಲ ಸರಿ, ಹಾಲಗಂಬ ಒಂದು ಉಳಿಯಿತು. ನಮ್ಮಲ್ಲಿ ಮದುವೆಯ ಹಂದರಕ್ಕೆ ಮೊದಲು ನೆಡುವ ಕಂಬ ಅದು. ಅರಿಷಿಣ ಹಚ್ಚಿ, ಬುಡಕ್ಕೆ ಹಾಲೆರೆದು, ಮನೆಯ ಹಿರಿಯ ಗಂಡಸು ತನ್ನ ಕೈಯಿಂದ ನೆಡಬೇಕು. ಅಪ್ಪ ಇಲ್ಲದ ಮೇಲೆ ಹಿರಿಯ ಎಂದರೆ ಅಣ್ಣನೇ. ಅವನು ಗೋಡೆಯಾಚೆ ಇದ್ದೂ ಬರದಿದ್ದರೆ ಬೀಗರು ಕೇಳುತ್ತಾರೆ. ಬೀಗರು ಹಾಳಾಗಿ ಹೋಗಲಿ, ಮಗಳು ಕೇಳಿದಳು. ಗೋಡೆ ಏಳುವ ಮೊದಲು ಅವಳು ದೊಡ್ಡಪ್ಪನ ಹೆಗಲ ಮೇಲೆಯೇ ಬೆಳೆದವಳು. ‘ದೊಡ್ಡಪ್ಪ ಬರದಿದ್ರ ಕಂಬ ಯಾರ ನಡತಾರ ಅಪ್ಪಾ?’ ಎಂದಳು.

ಹೆಂಡತಿ ಹೇಳುವಷ್ಟು ದಿನ ಹೇಳಿದಳು. ‘ಒಂದ ಹೆಜ್ಜಿ ನೀವ ಹೋಗ್ರಿ. ಹತ್ತ ಹೆಜ್ಜಿ ಅಲ್ಲ, ಒಂದ.’

ಆ ಮಾತು ಅವನು ತಿರುಗಿ ತಗೊಂಡರೆ ಹೋಗುತ್ತೇನೆ ಎಂದೆ. ಅವಳು ಹಣೆ ಬಡಿದುಕೊಂಡು ಒಳಗೆ ಹೋದಳು.

ಇಂಥ ಹೊತ್ತಿನಲ್ಲಿ ನಳದ ಕಡೆಯಿಂದ ಒಂದು ಸುದ್ದಿ ಬಂತು. ಅಣ್ಣ ಆ ಧಾರಾವಾಹಿಯನ್ನು ಒಂದು ದಿನವೂ ಬಿಡದೆ ನೋಡುತ್ತಾನಂತೆ. ಹಳೆಯ ಸಿನಿಮಾದ ಹಾಗೆಯೇ ಐತಿ, ಏನೂ ಕೆಡಿಸಿಲ್ಲ ಎಂದು ಅತ್ತಿಗೆಯ ಮುಂದೆ ಹೊಗಳುತ್ತಾನಂತೆ. ಕಟ್ಟೆಯ ಮೇಲೆ ಕೂತವರಿಗೂ ನೋಡಿರಿ, ನೋಡಿರಿ ಎಂದು ಹೇಳುತ್ತಾನಂತೆ.

ಇದನ್ನು ಕೇಳಿ ನನಗೆ ವಾಚಮನ್ ಎಂದಾಗ ಆಗಿದ್ದಕ್ಕಿಂತ ಹೆಚ್ಚು ಉರಿಯಿತು. ಒಂದು ಎಳೆ ತಪ್ಪಿದರೆ ಸೀರೆ ಬಿಚ್ಚಿಸುತ್ತಿದ್ದವನು ಇವನೇ ಏನು? ಗುಡುಗಿಗೊಮ್ಮೆ ಕಣ್ಣರಳಿಸುವ ಆ ರಾಣಿಯನ್ನು, ತಗಡಿನ ಕತ್ತಿ ಹಿಡಿದ ಆ ನಾಯಕನನ್ನು, ಆ ಉಣ್ಣೆ ನಾಯಿಯನ್ನು ನೋಡಿ ಇವನು ಶಹಬ್ಬಾಸ್ ಅನ್ನುತ್ತಾನೆಯೇ? ಅಣ್ಣನಿಗೆ ವಯಸ್ಸಾಯಿತು, ತಲೆ ಹೋಯಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ ಅದರಲ್ಲಿ ಒಂದು ಸಂತೋಷವೂ ಇತ್ತು. ಇಷ್ಟು ವರ್ಷ ನನ್ನನ್ನು ಕೀಳಾಗಿ ನೋಡಿದವನನ್ನು ಈಗ ನಾನು ಮೇಲಿನಿಂದ ನೋಡಬಹುದು. ಮಗ್ಗದ ಮುಂದೆ ನಿಂತಾಗ, ಎಂದಾದರೂ ಎದುರಾದರೆ ಅವನಿಗೆ ಏನು ಹೇಳಬೇಕೆಂದು ಮಾತು ಹೆಣೆಯುತ್ತಿದ್ದೆ. ಒಂದಕ್ಕಿಂತ ಒಂದು ಹರಿತವಾದ ಮಾತುಗಳು.

ನಮ್ಮೂರಿನ ಕರೆಂಟು ಹೋದರೆ ಹೋಯಿತು, ಬಂದರೆ ಮೈಮೇಲೆ ಬಂದಹಾಗೆ ಬರುತ್ತದೆ. ಹಾಗೆ ಬಂದ ಒಂದು ದಿನ ಅಣ್ಣನ ಟಿವಿ ಸುಟ್ಟಿತು. ಅದೂ ಯಾವಾಗ, ಕೋಟೆಯ ಮೆಟ್ಟಿಲ ಕಾಳಗ ಬರುತ್ತದೆ ಎಂದು ವಾರವೆಲ್ಲ ಡಂಗುರ ಹೊಡೆದ ದಿನ. ನನ್ನ ಹೆಂಡತಿ ನನ್ನನ್ನು ಒಂದು ಮಾತೂ ಕೇಳದೆ, ನಳದ ಹತ್ತಿರ ಅತ್ತಿಗೆಗೆ ಹೇಳಿಬಿಟ್ಟಿದ್ದಳು: ಭಾವನವರಿಗೆ ನಮ್ಮಲ್ಲಿ ಬಂದು ನೋಡಲು ಹೇಳ್ರಿ.

ಅಂದು ಕೆಲಸದ ಒತ್ತಡಕ್ಕೆ ನಾನು ಊಟ ಮುಂದೂಡಿ ಎರಡೂ ಮಗ್ಗ ನಡೆಸಿದ್ದೆ. ಹೆಂಡತಿ ಬಂದು ನನ್ನ ತೋಳು ಹಿಡಿದು ಬಾಗಿಲ ಕಡೆ ತಿರುಗಿಸಿದಳು. ಅಣ್ಣ ನಿಂತಿದ್ದ. ಹೆಗಲ ಮೇಲೆ ಒಂದು ಟಾವೆಲ್, ಅಂಗಿಗೆ ನೂಲಿನ ಧೂಳು. ಅವನು ನನ್ನನ್ನು ನೋಡಲಿಲ್ಲ, ಟಿವಿ ನೋಡುತ್ತಿದ್ದ.

ನೇಕಾರರ ಮನೆಗೆ ಹಿರಿಯರು ಬಂದರೆ ಮೊದಲು ಮಗ್ಗ ನಿಲ್ಲಿಸಬೇಕು. ಆಮೇಲೆ ಬರ್ರಿ ಅನ್ನುವುದು, ನೀರು ಕೊಡುವುದು. ಮಗ್ಗ ನಡೆಯುತ್ತಲೇ ಇದ್ದರೆ ಬಂದವರು ಹೊಸ್ತಿಲಿನಿಂದಲೇ ತಿರುಗುತ್ತಾರೆ, ಅವರಿಗೆ ಬೇರೆ ಏನೂ ಹೇಳಬೇಕಿಲ್ಲ. ನನ್ನ ಕೈ ಸ್ವಿಚ್ಚಿನ ಹತ್ತಿರ ಹೋಗಿ ನಿಂತಿತು. ಇವನು ನನ್ನ ಸಲುವಾಗಿ ಬಂದಿಲ್ಲ, ಮಗಳ ಸಲುವಾಗಿಯೂ ಬಂದಿಲ್ಲ, ಆ ಹೊಲಸು ಧಾರಾವಾಹಿಯ ಸಲುವಾಗಿ ಬಂದಿದ್ದಾನೆ. ನಡೆಯಲಿ ಮಗ್ಗ, ಎಂದು ಒಂದು ಮನಸ್ಸು ಹೇಳಿತು. ಅಡಿಗೆಮನೆಯ ಬಾಗಿಲಲ್ಲಿ ಮಗಳು ನೀರಿನ ತಂಬಿಗೆ ಹಿಡಿದು, ಕೊಡಲೋ ಬೇಡವೋ ಎಂದು ನನ್ನ ಕೈಯನ್ನೇ ನೋಡುತ್ತಿದ್ದಳು. ನಿಲ್ಲಿಸಿದೆ. ಒಂದು ಮಗ್ಗ, ಆಮೇಲೆ ಇನ್ನೊಂದು.

ಮನೆ ಬಾವಿಯ ಹಾಗೆ ನಿಶ್ಶಬ್ದವಾಯಿತು. ಅಣ್ಣ ಕೂತ. ನಾನು ದೂರ, ಗೋಡೆಗೆ ಆತು ಕೂತೆ. ಟಿವಿಯಲ್ಲಿ ಮೆಟ್ಟಿಲು ಬಂತು, ಕತ್ತಿ ಬಂತು. ನಾಯಕ ಕತ್ತಿ ಎತ್ತಿದ. ಅಣ್ಣನ ಬೆನ್ನು ನೆಟ್ಟಗಾಯಿತು. ಸೇನಾಪತಿ ಬಾಯಿ ತೆರೆದ. ನಿಲ್ಲು ಮಗನೇ, ಎಂದ. ನಾನು ನಿನ್ನ ವೈರಿ ಅಲ್ಲ, ಎಂದ. ಗುಡುಗಿತು. ನಾನು ನಿನ್ನ ತಾಯಿಯ ಕಳೆದುಹೋದ ಅಣ್ಣ, ನಿನ್ನ ಸೋದರಮಾವ, ಎಂದ. ಮೂರು ಸಲ ಗುಡುಗಿತು. ನಾಯಕ ಕತ್ತಿ ಕೈಬಿಟ್ಟ. ಕತ್ತಿ ಮೆಟ್ಟಿಲ ಮೇಲೆ ಬಿದ್ದು, ಹಗುರಾದ ತಟ್ಟೆ ಬಿದ್ದಂತೆ ಸಪ್ಪಳ ಮಾಡಿತು. ಇಬ್ಬರೂ ತಬ್ಬಿಕೊಂಡು ಅಳತೊಡಗಿದರು.

ಅಣ್ಣ ಟಿವಿಯಿಂದ ಕಣ್ಣು ತೆಗೆದು ಮೊದಲ ಸಲ ನನ್ನ ಕಡೆ ನೋಡಿದ.

‘ಇದ್ಯಾವದ ಹಚ್ಚೀಲೇ? ನಮ್ಮದ ಹಚ್ಚು.’

‘ಅದ ಐತಿ ಅಣ್ಣಾ. ನೀ ದಿನಾ ನೋಡೂದ ಇದ.’

‘ಇವ ಹಿಂಗ ಮಾತಾಡತಾನ?’

‘ಮೊದಲಿಂದ ಹಿಂಗ.’

ಅಣ್ಣ ಮತ್ತೆ ಟಿವಿ ನೋಡಿದ. ಅಲ್ಲಿ ಇನ್ನೂ ಅಳುತ್ತಿದ್ದರು. ‘ಇವನ ದನಿ ನಾ ಇವತ್ತ ಕೇಳಿದ್ನೋ ತಮ್ಮಾ,’ ಎಂದ.

ಆಗ ನನಗೆ ತಿಳಿಯಿತು. ಅಣ್ಣ ನನ್ನ ಹಾಗೆ ಊಟಕ್ಕೆ ಮಗ್ಗ ನಿಲ್ಲಿಸುವವನಲ್ಲ. ಅವನ ಟಿವಿ ಮಗ್ಗದ ಎದುರಿನ ಗೋಡೆಯ ಗೂಡಿನಲ್ಲಿದೆ ಎಂದು ನಳದ ಸುದ್ದಿಯಲ್ಲಿ ಎಂದೋ ಕೇಳಿದ್ದೆ. ಮಗ್ಗದ ಸದ್ದಿನಲ್ಲಿ ಅದರ ದನಿ ಒಂದಕ್ಷರ ಕೇಳುವುದಿಲ್ಲ. ಒಂದು ಕಣ್ಣು ಬಟ್ಟೆಯ ಮೇಲೆ, ಎಳೆ ಕಡಿಯದಾಗ ಒಂದು ಕಣ್ಣು ಟಿವಿಯ ಮೇಲೆ. ಕತ್ತಿ ಕಂಡಿತು, ಕುದುರೆಯ ಮುಖ ಕಂಡಿತು, ಕೋಟೆ ಕಂಡಿತು, ಅಷ್ಟರಲ್ಲಿ ನೂಲು ಕಡಿಯಿತು. ಉಳಿದದ್ದನ್ನೆಲ್ಲ ಅವನೇ ತುಂಬಿಕೊಳ್ಳುತ್ತಿದ್ದ. ಬಾಯಿ ಅವರದು, ಮಾತು ಜಮಖಂಡಿಯ ಥೇಟರಿನದು. ಇಷ್ಟು ತಿಂಗಳು ಅವನು ಹಳೆಯ ಸಿನಿಮಾವನ್ನೇ ನೋಡಿದ್ದ. ಕಟ್ಟೆಯ ಮೇಲೆ ಹೊಗಳಿದ್ದೂ ಅದನ್ನೇ.

ಅವನು ತಲೆ ತಗ್ಗಿಸಿ ಟಾವೆಲಿನ ಅಂಚು ತಿರುವುತ್ತ ಕೂತ. ಓಣಿಯ ಜನಕ್ಕೆಲ್ಲ ನೋಡಿರಿ ಎಂದು ಹೇಳಿದ್ದು ಅವನಿಗೆ ನೆನಪಾಗುತ್ತಿರಬೇಕು. ನನ್ನ ನಾಲಿಗೆಯ ಮೇಲೆ ತಿಂಗಳುಗಟ್ಟಲೆ ಮಸೆದ ಮಾತುಗಳು ಸಾಲಾಗಿ ನಿಂತಿದ್ದವು. ಮಷೀನ್ ಕಾಯುವವನು ನಾನೊಬ್ಬನೇ ಅಲ್ಲ, ಅಣ್ಣಾ, ಅದನ್ನು ಕಾಯ್ದು ಕಾಯ್ದು ನಿನ್ನ ಕಿವಿ, ಬುದ್ಧಿ ಎರಡೂ ಹೋದವು. ಇಷ್ಟು ಹೇಳಿದರೆ ಸಾಕಿತ್ತು. ಅವನು ಏಳುತ್ತಿದ್ದ, ಹೊಸ್ತಿಲು ದಾಟುತ್ತಿದ್ದ, ಮಗಳ ಹಂದರಕ್ಕೆ ಮತ್ತೆ ಬರುತ್ತಿರಲಿಲ್ಲ. ಅಂಥ ಅವಕಾಶ ಜೀವಮಾನದಲ್ಲಿ ಒಮ್ಮೆ ಸಿಗುತ್ತದೆ. ಮಗಳು ಕೊಟ್ಟ ನೀರು ಅವನ ಪಕ್ಕದಲ್ಲಿ ಹಾಗೇ ಇತ್ತು, ಅವನಿನ್ನೂ ಕುಡಿದಿರಲಿಲ್ಲ.

ಟಿವಿಯಲ್ಲಿ ಮಾವ ಅಳಿಯ ಕೂಡಿ ಕುದುರೆಯೇರಿ ಹೊರಟಿದ್ದರು.

‘ಆ ಕುದರಿ ನೋಡಣ್ಣಾ,’ ಎಂದೆ. ‘ಅದರ ಕಾಲ ಎಲ್ಲಿ ಅದಾವ ಹೇಳು.’

ಅವನು ನೋಡಿದ. ಬಗ್ಗಿ, ಹತ್ತಿರ ಹೋಗಿ, ಟಿವಿಯ ಕೆಳಗಿನ ಅಂಚಿನಲ್ಲಿ ಹುಡುಕುವವನಂತೆ ನೋಡಿದ. ‘ಕಾಲ ಇಲ್ಲಲೇ,’ ಎಂದ. ‘ಇದರ ಮ್ಯಾಲ ಹೊಂಟ್ರ ಹಬ್ಬಕ್ಕ ಹೊಂಟಾಂವ ಮುಂದಿನ ಹಬ್ಬಕ್ಕ ಮುಟ್ಟತಾನ.’

ಆಮೇಲೆ ನಿಲ್ಲಲಿಲ್ಲ. ಕಣ್ಣು ಈಗ ಪೂರ್ತಿ ತೆರೆದಿತ್ತಲ್ಲ, ನಾನು ತಿಂಗಳುಗಟ್ಟಲೆ ಕಂಡದ್ದನ್ನು ಅವನು ಅರ್ಧ ತಾಸಿನಲ್ಲಿ ಕಂಡ. ಸೇನಾಪತಿಯ ಮೀಸೆ ಅತ್ತು ಅತ್ತು ಒಂದು ಕಡೆ ಬಿಚ್ಚಿಕೊಂಡಿದ್ದನ್ನು ನಾನೂ ನೋಡಿರಲಿಲ್ಲ, ಅವನು ತೋರಿಸಿದ. ರಾಣಿ ಉಟ್ಟ ಸೀರೆಯನ್ನೇ ದಾಸಿಯೂ ಉಟ್ಟಿದ್ದಾಳೆ, ಒಂದೇ ಅಂಗಡಿಯಲ್ಲಿ ಬಾಡಿಗೆ ತಂದಿರಬೇಕು ಎಂದ. ನಾಯಕನಿಗೆ ಕತ್ತಿಗಿಂತ ಬಾಚಣಿಕೆ ಕೊಟ್ಟರೆ ಚಲೋ ಹಿಡಿಯುತ್ತಾನೆ ಎಂದ. ಮಾತಿನ ನಡುವೆ ತಂಬಿಗೆ ಎತ್ತಿ ನೀರು ಕುಡಿದ. ಜಾಹೀರಾತು ಬಂದಾಗಲೂ ನಾವು ಬಯ್ಯುವುದು ಬಿಡಲಿಲ್ಲ. ಒಂದು ಕೆಟ್ಟ ವಸ್ತುವನ್ನು ಅದಕ್ಕೆ ತಕ್ಕಂತೆ ಬಯ್ಯಲು ಎರಡು ಬಾಯಿ ಬೇಕು ಎಂದು ನನಗೆ ಅಂದು ತಿಳಿಯಿತು. ಅಷ್ಟು ದಿನ ನಾನೊಬ್ಬನೇ ತಾಟಿನ ಮುಂದೆ ಕೂತು ಗೊಣಗಿದ್ದು ಏನೂ ಅಲ್ಲ.

ಉಣ್ಣುತ್ತೀರಾ ಎಂದು ಹೆಂಡತಿ ಕೇಳಲಿಲ್ಲ. ಎರಡು ತಾಟು ತಂದು ಇಟ್ಟಳು. ‘ಕೈ ತೊಳಕೊಳ್ರಿ ಭಾವನವರ,’ ಎಂದಳು. ಅಣ್ಣ ಎದ್ದು ತೊಳೆದುಕೊಂಡ. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ಅವನು ಉಣ್ಣುವುದನ್ನು ನೋಡುತ್ತ ನಾನು ಹೇಳಿದೆ. ಬಹಳ ದಿನದಿಂದ ಹೇಳಲಾಗದ ಮಾತು, ಬಾಯಿಗೆ ಬಂದಾಗ ಸಣ್ಣದಾಗಿಯೇ ಇತ್ತು.

‘ಅಣ್ಣಾ, ಹಾಲಗಂಬ ನೀನ ನಡಬೇಕು.’

ಅವನು ರೊಟ್ಟಿ ಅಗಿದು ಮುಗಿಸಿದ. ‘ಕಂಬ ಎಂಥಾದ್ದು ತಂದೀ?’

‘ಇನ್ನೂ ತಂದಿಲ್ಲ.’

‘ತರಬ್ಯಾಡ. ನಾ ಆರಿಸಿ ತರತೇನಿ. ನಿನಗ ಕಟಗಿ ತಿಳಿಯೂದಿಲ್ಲ.’

ಮಗಳು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅವನು ಬೇಡ ಅನ್ನಲಿಲ್ಲ.

ಅವನ ಟಿವಿ ರಿಪೇರಿಯಾಗಿ ಬಂತು. ಅವನು ಅದನ್ನು ಮತ್ತೆ ಮಗ್ಗದ ಎದುರಿಗೇ ಇಟ್ಟ, ಮತ್ತೆ ಆ ಧಾರಾವಾಹಿಯನ್ನೇ ಹಚ್ಚಿದ. ಯಾಕೆ ಎಂದು ಹೆಂಡತಿ ನಳದ ಹತ್ತಿರ ಕೇಳಿದ್ದಕ್ಕೆ ಅತ್ತಿಗೆ ಹೇಳಿದಳಂತೆ: ಈಗ ದನಿಯ ಗುಂಡಿಯನ್ನೇ ಪೂರ್ತಿ ತಿರುವಿ ಬಂದ್ ಮಾಡಿಟ್ಟಿದ್ದಾರೆ, ಕರೆಂಟು ಹೋಗಿ ಮಗ್ಗ ನಿಂತರೂ ಅವರ ದನಿ ಕಿವಿಗೆ ಬೀಳಬಾರದಂತೆ. ಆ ಧಾರಾವಾಹಿಯನ್ನು ನೋಡುವ ಮರ್ಯಾದೆಯ ದಾರಿ ಅದೊಂದೇ. ನಾನು ಅದನ್ನೂ ಮಾಡದೆ ನೋಡುವುದನ್ನೇ ಬಿಟ್ಟೆ. ನನಗೆ ಅಷ್ಟು ತಾಳ್ಮೆಯಿಲ್ಲ. ಅದು ಮುಂದೆ ಎಷ್ಟು ದಿನ ನಡೆಯಿತೋ, ರಾಣಿ ಇನ್ನೆಷ್ಟು ಬಾಗಿಲು ತೆರೆದಳೋ ನನಗೆ ಗೊತ್ತಿಲ್ಲ. ವಾಚಮನ್ ಎಂಬ ಮಾತನ್ನು ಅವನು ಹಿಂದೆ ತೆಗೆದುಕೊಳ್ಳಲಿಲ್ಲ, ನಾನೂ ಕೇಳಲಿಲ್ಲ.

ಹಂದರದ ದಿನ ಬೆಳಿಗ್ಗೆ ನಾನು ಅಂಗಳದ ಮೂಲೆಯಲ್ಲಿ ಕುಣಿ ತೋಡಿಸಿ, ಮಣ್ಣು ಬಳಿದು ತೆಗೆದು, ಸಿದ್ಧ ಮಾಡಿಟ್ಟಿದ್ದೆ. ಅಣ್ಣ ಹೆಗಲ ಮೇಲೆ ಕಂಬ ಹೊತ್ತು ಬಂದ. ಬೀಗರ ಕಡೆಯ ಇಬ್ಬರು ಹಿರಿಯರು ಆಗಲೇ ಬಂದು ಕೂತಿದ್ದರು. ಕಂಬ ಇಳಿಸಿ, ನಾನು ತೋಡಿಸಿದ ಕುಣಿಯ ಹತ್ತಿರ ಹೋಗಿ ಒಳಗೆ ಇಣುಕಿದ. ಎಲ್ಲರಿಗೂ ಕೇಳುವ ಹಾಗೆ, ‘ಇದೇನ ಇಲಿ ತೋಡೇತಿ?’ ಎಂದ. ಬೀಗರು ನಕ್ಕರು. ಅವನು ಅದರಿಂದ ಒಂದು ಮೊಳ ಆಚೆ ಸರಿದು, ಹಿಮ್ಮಡಿಯಿಂದ ನೆಲದ ಮೇಲೆ ಗೆರೆ ಕೊರೆದು, ಹಾರೆ ಕೊಡು ಎಂದು ಹಿಂದೆ ನೋಡದೆ ಕೈ ಚಾಚಿದ.

ನಾನು ತೋಡಿಸಿದ ಕುಣಿ ಬೇಕಾದಷ್ಟು ಆಳವಿತ್ತು. ಹಾರೆ ಕೊಟ್ಟೆ.